ಕನ್ನಡದ ಹೆಸರನ್ನು ಒಪ್ಪದ ಫಾರ್ಮ್‌ಗಳು: ವೆಬ್ ಡೆವಲಪರ್‌ಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ಗೆಳೆಯ ಗೆಳತಿಯರೇ,

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಕಚೇರಿಗಳಲ್ಲಿ, ಊರಿನ ಮನೆಯ ಮೇಜಿನ ಮೇಲೆ, ದೂರದ ದೇಶಗಳಲ್ಲಿ ಕುಳಿತು ಕನ್ನಡಿಗರು ದಿನಾ ಬಳಸುವ ಪುಟಗಳನ್ನು ಕಟ್ಟುತ್ತಿರುವ ನಿಮ್ಮೆಲ್ಲರಿಗೆ ಈ ಪತ್ರ. ಬ್ಯಾಂಕಿನ ಪುಟ ಇರಬಹುದು, ವಿದ್ಯಾರ್ಥಿವೇತನದ ಅರ್ಜಿ ಇರಬಹುದು, ಪತ್ರಿಕೆಯ ಜಾಲತಾಣ ಇರಬಹುದು, ಊರಿನ ಜಾತ್ರೆಗೆ ಕೋಣೆ ಕಾದಿರಿಸುವ ಪುಟ್ಟ ತಾಣವೂ ಇರಬಹುದು. ನಾನೂ ಇದೇ ಕಸುಬಿನವಳು. ಆದ್ದರಿಂದ ಕಸುಬಿನ ಮಾತನ್ನೇ ಆಡುತ್ತೇನೆ.

ನಮಗೆ ಸುದ್ದಿಯ ಬರ ಇಲ್ಲ. ಹೊಸ ಫ್ರೇಮ್‌ವರ್ಕ್, ಹೊಸ ಸಿಎಸ್ಎಸ್ ಗುಣ, ಬ್ರೌಸರ್‌ನ ಹೊಸ ಆವೃತ್ತಿ, ಕೋಡ್ ಬರೆದುಕೊಡುವ ಹೊಸ ಎಐ ಸಹಾಯಕ: ಓದಿ ಮುಗಿಸುವ ಮೊದಲೇ ಇನ್ನೊಂದು ಬಂದಿರುತ್ತದೆ. ಈ ಗದ್ದಲದಲ್ಲಿ ನಮಗೆ ನೇರವಾಗಿ ಸಂಬಂಧಿಸಿದ ಒಂದು ಸುದ್ದಿ ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. ಕನ್ನಡವನ್ನು ಸರಿಯಾಗಿ ನಡೆಸಿಕೊಳ್ಳಲು ಬೇಕಾದ ಬಹುಪಾಲು ಸಾಮಗ್ರಿ ಇವತ್ತು ಎಲ್ಲ ಮುಖ್ಯ ಬ್ರೌಸರ್‌ಗಳ ಒಳಗೇ ಇದೆ. ಹೊರಗಿನ ಲೈಬ್ರರಿ ಬೇಡ, ಹಣ ಬೇಡ, ಯಾರ ಅನುಮತಿಯೂ ಬೇಡ. ಹಾಗಿದ್ದೂ ಪುಟಗಳಲ್ಲಿ ಕನ್ನಡ ಮುರಿಯುತ್ತಿದೆ, ಮುರಿಯುತ್ತಿರುವುದು ನಾವು ಬರೆಯುವ ಕೆಲವೇ ಸಾಲುಗಳಲ್ಲಿ. ಆ ಸಾಲುಗಳು ಯಾವುವು, ಅವುಗಳ ಜಾಗಕ್ಕೆ ಏನು ಬರಬೇಕು ಎಂಬುದನ್ನು ನಿಮ್ಮ ಮುಂದಿಡುವುದಕ್ಕೇ ಬರೆಯುತ್ತಿದ್ದೇನೆ.

ಹೆಸರಿನ ಚೌಕದಿಂದಲೇ ಆರಂಭಿಸುತ್ತೇನೆ. ‘ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕು’ ಎಂಬ ನಿಯಮವನ್ನು ನಾವೆಲ್ಲ ಬರೆದಿದ್ದೇವೆ. ಇಂಗ್ಲಿಷಿನ ಎ-ಯಿಂದ ಝಡ್-ವರೆಗೆ ಎಂದು ಬರೆದರೆ ಕನ್ನಡ ಪೂರ್ತಿ ಹೊರಗುಳಿಯುತ್ತದೆ, ಇದು ಎಲ್ಲರಿಗೂ ಗೊತ್ತು. ಸ್ವಲ್ಪ ಮುಂದೆ ಹೋದವರು ಯೂನಿಕೋಡ್‌ನ ಅಕ್ಷರ ವರ್ಗವನ್ನು, ಅಂದರೆ ರೆಜೆಕ್ಸ್‌ನಲ್ಲಿ ‘ಎಲ್’ ಎಂದು ಗುರುತಿಸುವ ವರ್ಗವನ್ನು ಬಳಸುತ್ತಾರೆ. 2018ರ ಆವೃತ್ತಿಯಿಂದ ಜಾವಾಸ್ಕ್ರಿಪ್ಟ್‌ನಲ್ಲಿ ಈ ಸೌಲಭ್ಯ ಇದೆ. ಇನ್ನು ಎಲ್ಲ ಭಾಷೆಗಳೂ ಒಳಗೆ ಬಂದವು ಎಂದು ಅವರು ನೆಮ್ಮದಿಯಾಗಿರುತ್ತಾರೆ. ಆದರೆ ಆ ನಿಯಮ ‘ರಮ’ಳನ್ನು ಬಿಟ್ಟುಕೊಂಡು ‘ರಮಾ’ಳನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ದೀರ್ಘದ ಗುರುತಾಗಲಿ, ಗುಡಿಸು, ಕೊಂಬು, ಏತ್ವಗಳಾಗಲಿ, ಒತ್ತಕ್ಷರ ಕಟ್ಟುವ ಹಲಂತವಾಗಲಿ ಯೂನಿಕೋಡ್‌ನ ಲೆಕ್ಕದಲ್ಲಿ ಅಕ್ಷರಗಳಲ್ಲ. ಅವು ‘ಎಂ’ ಎಂಬ ಬೇರೆ ವರ್ಗಕ್ಕೆ, ಅಕ್ಷರಕ್ಕೆ ಅಂಟಿಕೊಳ್ಳುವ ಚಿಹ್ನೆಗಳ ವರ್ಗಕ್ಕೆ ಸೇರಿವೆ. ಎಲ್ ಮತ್ತು ಎಂ ಎರಡನ್ನೂ ಸೇರಿಸದೆ ಬರೆದ ನಿಯಮ ಕಾಗುಣಿತವನ್ನೇ ಒಪ್ಪುವುದಿಲ್ಲ. ಕಾಗುಣಿತ, ಒತ್ತು ಒಂದೂ ಇಲ್ಲದ ಕನ್ನಡದ ಹೆಸರುಗಳು ಎಷ್ಟಿವೆ, ನೀವೇ ಯೋಚಿಸಿ.

‘ಲಿಪಿ ಕನ್ನಡವಾಗಿರಲಿ’ ಎಂದು ಕೇಳುವ ಇನ್ನೊಂದು ವಿಧಾನವೂ ರೆಜೆಕ್ಸ್‌ನಲ್ಲಿದೆ. ಅದು ಚಿಹ್ನೆಗಳನ್ನೂ ಒಪ್ಪುತ್ತದೆ. ಆದರೆ ಅದರೆದುರು ‘ರಾಜ್‌ಕುಮಾರ್’ ಎಂಬ ಹೆಸರನ್ನು ಇಟ್ಟು ನೋಡಿ. ಜ್ ಮತ್ತು ಕು ಬೇರೆಬೇರೆಯಾಗಿ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರಬೇಕು. ಅದನ್ನು ಝಡ್‌ಡಬ್ಲ್ಯುಎನ್‌ಜೆ ಎನ್ನುತ್ತೇವೆ. ಅದು ಯಾವ ಒಂದು ಲಿಪಿಗೂ ಸೇರಿದ್ದಲ್ಲ, ಹಾಗಾಗಿ ‘ಲಿಪಿ ಕನ್ನಡ’ ಎಂಬ ಜರಡಿಯಲ್ಲಿ ಸಿಕ್ಕಿಬೀಳುತ್ತದೆ. ನಾಡಿನ ಮನೆಮನೆಗೂ ಗೊತ್ತಿರುವ ಹೆಸರೇ ಫಾರ್ಮ್‌ನಲ್ಲಿ ‘ತಪ್ಪು ಅಕ್ಷರ’ ಎಂಬ ಕೆಂಪು ಸಾಲು ಪಡೆಯುತ್ತದೆ. ಕೆಲವು ತಂಡಗಳು ಇದಕ್ಕೆ ಕಂಡುಕೊಂಡ ಪರಿಹಾರ ಇನ್ನೂ ಕೆಟ್ಟದು: ಸುರಕ್ಷತೆಯ ಹೆಸರಿನಲ್ಲಿ ಕಾಣದ ಸಂಕೇತಗಳನ್ನೆಲ್ಲ ಸದ್ದಿಲ್ಲದೆ ಅಳಿಸಿಹಾಕುವುದು. ಆಗ ಡೇಟಾಬೇಸ್‌ನಲ್ಲಿ ಉಳಿಯುವುದು ‘ರಾಜ್ಕುಮಾರ್’. ಅದು ಆ ಮನುಷ್ಯ ಬರೆದ ಹೆಸರಲ್ಲ.

ಇನ್ನೊಂದು ಕಾಣದ ಸಂಕೇತ ಝಡ್‌ಡಬ್ಲ್ಯುಜೆ. ಕನ್ನಡದಲ್ಲಿ ರ್ ನಂತರ ವ್ಯಂಜನ ಬಂದರೆ ಅದು ಸಹಜವಾಗಿ ಅರ್ಕಾವೊತ್ತಾಗುತ್ತದೆ, ‘ಸೂರ್ಯ’ದಲ್ಲಿ ಆಗುವ ಹಾಗೆ. ‘ರ‍್ಯಾಂಕ್’, ‘ರ‍್ಯಾಲಿ’ ಎಂದು ಬರೆಯುವಾಗ ರ ಪೂರ್ತಿಯಾಗಿ ನಿಂತು ಯ ಒತ್ತಾಗಬೇಕು. ಅದಕ್ಕೆ ರ ಮತ್ತು ಹಲಂತದ ನಡುವೆ ಝಡ್‌ಡಬ್ಲ್ಯುಜೆ ಇಡುತ್ತೇವೆ. ಇದನ್ನು ಅಳಿಸಿದರೆ ಪತ್ರಿಕೆಯ ತಲೆಬರಹದಲ್ಲಿ ‘ರ್ಯಾಲಿ’ ಎಂದಾಗುತ್ತದೆ. ಈ ಎರಡು ಸಂಕೇತಗಳನ್ನು ಮನಬಂದಲ್ಲೆಲ್ಲ ಬಿಟ್ಟುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಬಳಕೆದಾರ ಹೆಸರು, ಪಾಸ್‌ವರ್ಡ್, ಜಾಲತಾಣದ ವಿಳಾಸ ಇಂಥಲ್ಲಿ ಅವುಗಳಿಂದ ಮೋಸವೂ ನಡೆಯಬಹುದು, ಅಲ್ಲಿ ಬಿಗಿ ಬೇಕು. ಆದರೆ ಮನುಷ್ಯರ ಹೆಸರು, ಊರು, ಬರಹ ಇರುವ ಕಡೆ, ಹಲಂತದ ಅಕ್ಕಪಕ್ಕದಲ್ಲಿ ಬಂದ ಈ ಸಂಕೇತಗಳು ಕಾಗುಣಿತದ ಭಾಗವೇ. ಅವನ್ನು ಉಳಿಸಿ. ಹುಡುಕಾಟದ ಸೂಚಿ ಕಟ್ಟುವಾಗ ಮಾತ್ರ ಬದಿಗಿಡಿ, ಆಗ ಯಾರು ಹೇಗೆ ಟೈಪಿಸಿದರೂ ಹೆಸರು ಸಿಗುತ್ತದೆ.

ಮುಂದಿನದು ಉದ್ದದ ಮಿತಿ. ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8ರಲ್ಲಿ 3 ಬೈಟ್. ಒರಾಕಲ್‌ನಂಥ ಡೇಟಾಬೇಸ್‌ನಲ್ಲಿ ಕಾಲಂನ ಉದ್ದ 50 ಎಂದಷ್ಟೇ ಬರೆದರೆ, ಬೇರೆ ಹೇಳದ ಹೊರತು ಅದು 50 ಬೈಟ್. ‘ಎಚ್. ಶ್ರೀನಿವಾಸಮೂರ್ತಿ’ ಎಂಬ ಹೆಸರಿಗೆ 56 ಬೈಟ್ ಬೇಕು. ಪುಟದ ಮೇಲೆ ಹೆಸರು ಒಪ್ಪಿಗೆಯಾಗಿ, ಸಲ್ಲಿಸಿದ ಮೇಲೆ ‘ಏನೋ ದೋಷವಾಗಿದೆ, ಮತ್ತೆ ಪ್ರಯತ್ನಿಸಿ’ ಎಂದು ಬರುವುದರ ಹಿಂದೆ ಇಂಥ ಕಾರಣ ಇರುವುದುಂಟು. ಅರ್ಜಿ ಹಾಕುವವರು ಮತ್ತೆ ಪ್ರಯತ್ನಿಸುತ್ತಾರೆ, ಮತ್ತೆ ಸೋಲುತ್ತಾರೆ, ಕೊನೆಗೆ ಸೈಬರ್ ಸೆಂಟರ್‌ನವರ ಮಾತು ಕೇಳಿ ಹೆಸರನ್ನು ಮೊಟಕು ಮಾಡುತ್ತಾರೆ. ಮೊಟಕಾದ ಹೆಸರು ಪಡಿತರ ಚೀಟಿಗೂ ಪಹಣಿಗೂ ಹೊಂದುವುದಿಲ್ಲ. ಅಲ್ಲಿಂದ ಅವರ ಅಲೆದಾಟ ಆರಂಭ. ಕಾಲಂನ ಉದ್ದವನ್ನು ಬೈಟ್‌ನಲ್ಲಿ ಅಲ್ಲ, ಅಕ್ಷರ ಸಂಕೇತಗಳಲ್ಲಿ ಹೇಳುವುದು ಒಂದು ಸಾಲಿನ ಕೆಲಸ. ಎಸ್ಎಂಎಸ್ ಕಳಿಸುವವರಿಗೂ ಇದೇ ಎಚ್ಚರ ಬೇಕು: ಇಂಗ್ಲಿಷಿನ ಒಂದು ಸಂದೇಶದಲ್ಲಿ 160 ಅಕ್ಷರ ಹಿಡಿದರೆ ಯೂನಿಕೋಡ್ ಸಂದೇಶದಲ್ಲಿ ಹಿಡಿಯುವುದು 70 ಸಂಕೇತ.

ಇದೆಲ್ಲ ಏಕೆ ಹೀಗಿದೆ ಎಂದು ಕೇಳುವ ಕಿರಿಯರಿಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಭಾರತೀಯ ಲಿಪಿಗಳಿಗಾಗಿ ನಮ್ಮಲ್ಲಿ ರೂಪುಗೊಂಡ ಇಸ್ಕಿ ಎಂಬ ಸಂಕೇತ ವ್ಯವಸ್ಥೆಯ ಜಾಡಿನಲ್ಲೇ 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ 128 ಸ್ಥಾನಗಳ ಜಾಗ ಸಿಕ್ಕಿತು. ಒತ್ತಕ್ಷರಗಳಿಗೆ ಪ್ರತ್ಯೇಕ ಸಂಕೇತ ಇಲ್ಲ. ವ್ಯಂಜನ, ಹಲಂತ, ಇನ್ನೊಂದು ವ್ಯಂಜನ ಸೇರಿ ಒತ್ತು ಆಗುತ್ತದೆ. ತೆರೆಯ ಮೇಲೆ ಅದನ್ನು ಹೆಣೆಯುವ ಕೆಲಸ ಫಾಂಟಿನದು ಮತ್ತು ಹಾರ್ಫ್‌ಬಝ್‌ನಂಥ ಎಂಜಿನ್‌ನದು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಎಲ್ಲವೂ ಹಾರ್ಫ್‌ಬಝ್ ಅನ್ನೇ ಬಳಸುತ್ತವೆ. ಯೂನಿಕೋಡ್ ನಮ್ಮ ಕಂಪ್ಯೂಟರ್‌ಗಳಲ್ಲಿ ನೆಲೆಯೂರುವ ಮುನ್ನ ಬರಹ, ನುಡಿ ತಂತ್ರಾಂಶಗಳು ಕನ್ನಡವನ್ನು ಹೊತ್ತು ನಡೆದವು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಇಂದಿಗೂ ಸಾವಿರಾರು ಬೆರಳುಗಳಲ್ಲಿ ಉಳಿದಿದೆ. ಆ ಕಾಲದ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಕೂತಿದ್ದವು. ಫಾಂಟ್ ಇಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಪದ ಪೌಂಡಿನ ಚಿಹ್ನೆಯೂ ಸೇರಿದ ಗೋಜಲಾಗಿ ಕಾಣುತ್ತಿತ್ತು. ಆ ಕಡತಗಳು ಕಚೇರಿಗಳಲ್ಲಿ ಇನ್ನೂ ಇವೆ, ಅವುಗಳಿಂದ ನಕಲು ಮಾಡಿ ನಿಮ್ಮ ಫಾರ್ಮ್‌ಗೆ ಅಂಟಿಸುವವರೂ ಇದ್ದಾರೆ. ಅಂಥ ಗೋಜಲನ್ನು ಗುರುತಿಸಿ ‘ಇದು ಹಳೆಯ ಫಾಂಟಿನ ಬರಹದಂತಿದೆ, ಯೂನಿಕೋಡ್‌ಗೆ ಬದಲಿಸೋಣವೇ’ ಎಂದು ಕೇಳುವ ಪುಟ ನೌಕರರಿಗೂ ಜನರಿಗೂ ದೊಡ್ಡ ಉಪಕಾರ. ಬದಲಿಸಿಕೊಡುವ ಮುಕ್ತ ಪರಿವರ್ತಕಗಳು ಲಭ್ಯ ಇವೆ.

ಈಗ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ವಿಷಯಕ್ಕೆ ಬರುತ್ತೇನೆ: ಅಕ್ಷರ ಎಣಿಸುವುದು.

ಶಾಲೆಗೆ ಹೋಗುವ ಮಗುವನ್ನು ‘ಕನ್ನಡ’ದಲ್ಲಿ ಎಷ್ಟು ಅಕ್ಷರ ಎಂದು ಕೇಳಿದರೆ ಮೂರು ಎನ್ನುತ್ತದೆ. ಜಾವಾಸ್ಕ್ರಿಪ್ಟ್‌ನ ಲೆಂತ್ 5 ಎನ್ನುತ್ತದೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಯಂತ್ರಕ್ಕೆ 6. ಈ ಅಂತರ ಗೊತ್ತಿಲ್ಲದೆ ಬರೆದ ಕೋಡ್‌ನ ಫಲ ಎಲ್ಲೆಡೆ ಕಾಣುತ್ತದೆ. ಬಳಕೆದಾರರ ಹೆಸರಿನ ಮೊದಲ ಅಕ್ಷರವನ್ನು ಬಣ್ಣದ ವೃತ್ತದೊಳಗೆ ತೋರಿಸುವ ಪದ್ಧತಿ ನಿಮಗೆ ಗೊತ್ತು. ಶ್ರೀದೇವಿಯ ವೃತ್ತದಲ್ಲಿ ‘ಶ್ರೀ’ ಇರಬೇಕು, ಇರುವುದು ‘ಶ’. ಸುದ್ದಿಯ ಸಾರಾಂಶವನ್ನು ಮೊದಲ 100 ಸಂಕೇತಗಳಿಗೆ ಕತ್ತರಿಸಿದರೆ ಕತ್ತರಿ ಒತ್ತಕ್ಷರದ ನಡುವೆ ಬೀಳಬಹುದು, ಸಾಲು ಅನಾಥ ಹಲಂತದಲ್ಲಿ ನಿಲ್ಲುತ್ತದೆ. ಕತ್ತರಿ ಗುಡಿಸಿನ ಮುಂಚೆ ಬಿದ್ದು, ಉಳಿದ ಅರ್ಧವನ್ನು ಬೇರೆಡೆ ತೋರಿಸಿದರೆ ಅದು ಚುಕ್ಕೆಗಳ ವೃತ್ತಕ್ಕೆ ಅಂಟಿಕೊಂಡ ಒಂಟಿ ಗುಡಿಸಾಗಿ ಆರಂಭವಾಗುತ್ತದೆ.

ಇದಕ್ಕೆ ಬ್ರೌಸರ್‌ಗಳು ಕೊಟ್ಟ ಉಪಕರಣ ಇಂಟ್ಲ್ ಸೆಗ್‌ಮೆಂಟರ್. ಕ್ರೋಮ್, ಸಫಾರಿಗಳಲ್ಲಿ ಮೊದಲೇ ಇತ್ತು. ಏಪ್ರಿಲ್ 2024ರಲ್ಲಿ ಫೈರ್‌ಫಾಕ್ಸ್ 125 ಅದನ್ನು ಸೇರಿಸಿಕೊಂಡ ಮೇಲೆ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಸಿಗುವಂತಾಯಿತು. ಇದು ಬರಹವನ್ನು ಸಂಕೇತಗಳಾಗಿ ಅಲ್ಲ, ಓದುಗರು ಒಂದೆಂದು ಗ್ರಹಿಸುವ ಘಟಕಗಳಾಗಿ ಬಿಡಿಸುತ್ತದೆ, ಪದಗಳಾಗಿಯೂ ಬಿಡಿಸುತ್ತದೆ. ಕಾಗುಣಿತವನ್ನು ಅದು ಒಡೆಯುವುದಿಲ್ಲ. ಇಷ್ಟು ಒಳ್ಳೆಯ ಸುದ್ದಿ.

ಉಳಿದದ್ದನ್ನು ದಯವಿಟ್ಟು ಗಮನವಿಟ್ಟು ಓದಿ. ಒತ್ತಕ್ಷರವನ್ನೂ ಒಂದೇ ಘಟಕ ಎಂದು ಪರಿಗಣಿಸುವ ಹೊಸ ನಿಯಮ ಸೆಪ್ಟೆಂಬರ್ 2023ರ ಯೂನಿಕೋಡ್ 15.1ರಲ್ಲಿ ಬಂತು. ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಈ ಆರು ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹೀಗಾಗಿ ತೆಲುಗು ಲಿಪಿಯಲ್ಲಿ ಬರೆದ ‘ಅಮ್ಮ’ವನ್ನು ಎರಡು ಘಟಕ ಎಂದು ಎಣಿಸುವ ಅದೇ ನಿಯಮ ಕನ್ನಡ ಲಿಪಿಯ ‘ಅಮ್ಮ’ವನ್ನು ಅ, ಮ್, ಮ ಎಂದು ಮೂರಾಗಿ ಒಡೆಯುತ್ತದೆ. ಎರಡೂ ಒಂದೇ ಮೂಲದಿಂದ ಕವಲೊಡೆದ ಲಿಪಿಗಳು, ಒತ್ತು ಬರೆಯುವ ಕ್ರಮವೂ ಒಂದೇ.

ನಮ್ಮ ಮಟ್ಟದಲ್ಲಿ ಇದಕ್ಕೆ ಪರಿಹಾರ ಕಷ್ಟವಲ್ಲ. ಸೆಗ್‌ಮೆಂಟರ್ ಕೊಟ್ಟ ಘಟಕಗಳನ್ನು ಒಂದೊಂದಾಗಿ ನೋಡಿ. ಯಾವುದಾದರೂ ಹಲಂತದಲ್ಲಿ ಕೊನೆಯಾಗಿದ್ದು ಮುಂದಿನದು ಕನ್ನಡದ ವ್ಯಂಜನದಿಂದ ಆರಂಭವಾದರೆ ಎರಡನ್ನೂ ಸೇರಿಸಿ. ‘ಸ್ತ್ರೀ’ಯ ಮೂರು ತುಣುಕುಗಳು ಒಂದಾಗುತ್ತವೆ. ‘ರಾಜ್‌ಕುಮಾರ್’ನಲ್ಲಿ ಜ್ ನಂತರ ಝಡ್‌ಡಬ್ಲ್ಯುಎನ್‌ಜೆ ಇರುವುದರಿಂದ ಆ ಘಟಕದ ಕೊನೆಯ ಸಂಕೇತ ಹಲಂತವಾಗಿರುವುದಿಲ್ಲ, ಹಾಗಾಗಿ ಅದು ಕು ಜೊತೆ ಸೇರುವುದಿಲ್ಲ. ಸೇರಬಾರದ್ದೇ ಸರಿ. ‘ರ‍್ಯಾಂಕ್’ನಲ್ಲಿ ಹಲಂತವೇ ಕೊನೆಯಲ್ಲಿ ಬರುವುದರಿಂದ ರ ಮತ್ತು ಯಾ ಸೇರುತ್ತವೆ, ಅದೂ ಸರಿ. ಹತ್ತು ಸಾಲಿನ ಫಂಕ್ಷನ್ ಇದು. ನಿಮ್ಮ ತಂಡದ ಸಾಮಾನ್ಯ ಕೋಡ್‌ನಲ್ಲಿ ಒಮ್ಮೆ ಬರೆದಿಟ್ಟರೆ ವೃತ್ತದ ಅಕ್ಷರಕ್ಕೂ, ಸಾರಾಂಶ ಕತ್ತರಿಸುವುದಕ್ಕೂ, ‘ಇನ್ನು ಇಷ್ಟು ಅಕ್ಷರ ಬರೆಯಬಹುದು’ ಎಂಬ ಎಣಿಕೆಗೂ ಆಗುತ್ತದೆ. ಕಣ್ಣಿಗೆ ಮಾತ್ರ ಮೊಟಕಾಗಿ ಕಂಡರೆ ಸಾಕು ಎನ್ನುವಲ್ಲಿ ಕತ್ತರಿಸಲೇಬೇಡಿ, ಸಿಎಸ್ಎಸ್‌ನ ಸಾಲು ಮಿತಿಗೆ ಬಿಟ್ಟುಬಿಡಿ.

ಎಣಿಕೆಯ ಪಕ್ಕದಲ್ಲೇ ಇರುವ ಇನ್ನೊಂದು ತೊಡಕು ನಾರ್ಮಲೈಸೇಶನ್. ‘ಧೋರಣೆ’ಯ ‘ೋ’ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಹೋಲಿಸಿ ನೋಡುವ ಕೋಡ್‌ಗೆ ಬೇರೆಬೇರೆ: ಒಂದರ ಉದ್ದ 5, ಇನ್ನೊಂದರದು 7. ಹಳೆಯ ಮ್ಯಾಕ್‌ಗಳ ಕಡತ ವ್ಯವಸ್ಥೆ ಕಡತದ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಹಾಗೆ ಬಂದ ಹೆಸರನ್ನು ಯಾರೋ ಫೋನಿನಲ್ಲಿ ಟೈಪಿಸಿ ಹುಡುಕಿದರೆ ‘ಫಲಿತಾಂಶವಿಲ್ಲ’ ಎಂದು ಬರುತ್ತದೆ. ಒಳಗೆ ಬರುವ ಎಲ್ಲ ಬರಹವನ್ನೂ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತರುವುದು ಒಂದೇ ಕರೆಯ ಕೆಲಸ. ಹುಡುಕುವ ಪದಕ್ಕೂ ಅದನ್ನೇ ಮಾಡಿ.

ಅಂಕಿ, ದಿನಾಂಕ, ಅಕಾರಾದಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ದಾರಿ ಸುಗಮವಾಗಿದೆ. ಇಂಟ್ಲ್‌ಗೆ ಕನ್ನಡ-ಭಾರತ ಎಂದು ಹೇಳಿದರೆ ಅಂಕಿಗಳ ನಡುವಿನ ಅಲ್ಪವಿರಾಮ ತಾನೇ ಬರುತ್ತದೆ. ಕನ್ನಡದ ಅಂಕಿಗಳೇ ಬೇಕೆಂದರೆ ಆ ಆಯ್ಕೆಯೂ ಇದೆ. ತಿಂಗಳ ಹೆಸರುಗಳು ಕನ್ನಡದಲ್ಲೇ ಬರುತ್ತವೆ. ಪಟ್ಟಿ ಜೋಡಿಸಲು ಕೊಲೇಟರ್ ಬಳಸಿ. ಬರೀ ಸಂಕೇತಗಳ ಕ್ರಮದಲ್ಲಿ ಜೋಡಿಸಿದರೆ ಕಾಣದ ಸಂಕೇತವಿರುವ ಹೆಸರುಗಳು ಎಲ್ಲೋ ಹೋಗಿ ಕೂರುತ್ತವೆ. ಮತ್ತು ಪಿನ್‌ಕೋಡ್ ಚೌಕದಲ್ಲಿ ಯಾರಾದರೂ ‘೫೬೦೦೦೧’ ಎಂದು ಟೈಪಿಸಿದರೆ ತಪ್ಪು ಎನ್ನಬೇಡಿ, ಒಳಗೆ ಬದಲಿಸಿಕೊಳ್ಳಿ.

ವಾಕ್ಯ ಜೋಡಿಸುವ ವಿಚಾರ ಮಾತ್ರ ಅಷ್ಟು ಸುಲಭವಲ್ಲ. ಇಂಗ್ಲಿಷಿನಲ್ಲಿ ಹೆಸರಿನ ಮುಂದೆ ಒಂದು ಪದ ಇಟ್ಟರೆ ವಾಕ್ಯ ಆಗುತ್ತದೆ. ಕನ್ನಡದಲ್ಲಿ ವಿಭಕ್ತಿ ಹೆಸರಿಗೇ ಅಂಟುತ್ತದೆ, ಅಂಟುವಾಗ ಹೆಸರಿನ ಬಾಲವನ್ನೂ ಬದಲಿಸುತ್ತದೆ. ‘ಗೆ’ಯನ್ನು ಕಣ್ಣುಮುಚ್ಚಿ ಅಂಟಿಸಿದ ಟೆಂಪ್ಲೇಟ್ ‘ಮಂಜುನಾಥಗೆ ಹಣ ಕಳಿಸಲಾಗಿದೆ’ ಎಂದು ಹೇಳುತ್ತದೆ. ಮಂಜುನಾಥನಿಗೆ, ಸವಿತಾಳಿಗೆ, ಕಾವೇರಿಗೆ, ಮೋಹನ್‌ಗೆ: ಎಲ್ಲ ಹೆಸರಿಗೂ ಒಂದೇ ಬಗೆಯಲ್ಲ. ಬ್ಯಾಂಕಿನ ಪುಟದಲ್ಲಂತೂ ‘ನಿಗೆ’ ಎಂದು ಏಕವಚನದಲ್ಲಿ ಕರೆಯುವುದೂ ಸಲ್ಲದು. ಎಲ್ಲ ಹೆಸರಿಗೂ ಹೊಂದುವ ಹಾಗೆ ‘ಅವರಿಗೆ’ ಎಂದು ಬಿಡಿಯಾಗಿ ಬರೆದರೆ ವ್ಯಾಕರಣವೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಬಹುವಚನದಲ್ಲೂ ಒಂದು ಸೂಕ್ಷ್ಮ ಇದೆ. ಸಿಎಲ್‌ಡಿಆರ್ ಎಂಬ ಯೂನಿಕೋಡ್‌ನ ಭಾಷಾ ದತ್ತಾಂಶದ ಪ್ರಕಾರ ಕನ್ನಡದಲ್ಲಿ ಸೊನ್ನೆಯೂ ಒಂದರ ಗುಂಪಿಗೇ ಸೇರುತ್ತದೆ, ಇಂಗ್ಲಿಷಿನಲ್ಲಿ ಅದು ಬಹುವಚನದ ಕಡೆ. ‘ಒಂದಕ್ಕೆ ಸಮನಲ್ಲದಿದ್ದರೆ ಗಳು ಸೇರಿಸು’ ಎಂಬ ಇಂಗ್ಲಿಷ್ ತರ್ಕವನ್ನು ಹಾಗೇ ತಂದರೆ ತಪ್ಪುತ್ತದೆ. ಪ್ಲೂರಲ್ ರೂಲ್ಸ್ ಎಂಬ ಸಿದ್ಧ ಉಪಕರಣ ಇದೆ, ಅದನ್ನೇ ಕೇಳಿ. ಟೆಂಪ್ಲೇಟ್ ಅಂತಿಮಗೊಳಿಸುವ ಮೊದಲು ಕನ್ನಡ ಚೆನ್ನಾಗಿ ಬಲ್ಲ ಒಬ್ಬರಿಗೆ ಓದಲು ಕೊಡಿ. ಆ ವ್ಯಕ್ತಿ ಇಂಜಿನಿಯರ್ ಆಗಿರಬೇಕಿಲ್ಲ.

ಕಾಣುವ ರೂಪದ ಬಗ್ಗೆ. ನಮ್ಮ ಲಿಪಿ ಕೆಳಕ್ಕೂ ಬೆಳೆಯುತ್ತದೆ. ‘ಸ್ತ್ರೀ’ಯಲ್ಲಿ ತಕಾರ ರಕಾರಗಳೆರಡೂ ಒತ್ತಾಗಿವೆ. ಸಾಲಿನ ಎತ್ತರ 1.2 ಎಂದು ಇಂಗ್ಲಿಷಿಗೆ ಹೊಂದಿಸಿ, ಗುಂಡಿಗೆ ಗಟ್ಟಿ ಎತ್ತರ ಕೊಟ್ಟು, ಹೊರಚೆಲ್ಲಿದ್ದನ್ನು ಮರೆಮಾಡಿದರೆ ಒತ್ತುಗಳ ಕಾಲು ಕತ್ತರಿಸಿಹೋಗುತ್ತವೆ. ಕನ್ನಡಕ್ಕೆ 1.6ರ ಆಸುಪಾಸು ಕೊಡಿ, ಗುಂಡಿಯ ಎತ್ತರವನ್ನು ಬರಹವೇ ನಿರ್ಧರಿಸಲಿ. ಓದುಗರು ತಾವೇ ಸಾಲಿನ ಎತ್ತರವನ್ನು 1.5ಕ್ಕೆ ಏರಿಸಿಕೊಂಡರೂ ಪುಟದ ಬರಹ ಕಳೆದುಹೋಗಬಾರದು ಎಂದು ಡಬ್ಲ್ಯುಸಿಎಜಿ ಎಂಬ ಜಾಲತಾಣ ಸುಗಮ್ಯತೆಯ ನಿಯಮಾವಳಿಯೇ ಹೇಳುತ್ತದೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಅಲಂಕಾರ ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಒಪ್ಪಬಹುದು, ಕನ್ನಡಕ್ಕೆ ಅದನ್ನು ಸೊನ್ನೆ ಮಾಡಿ. ಫಾಂಟಿನಲ್ಲಿ ದಪ್ಪ ರೂಪ ಇಲ್ಲದಿದ್ದರೆ ಬ್ರೌಸರ್ ತಾನೇ ಉಬ್ಬಿಸಿ ದಪ್ಪ ಮಾಡುತ್ತದೆ, ಸಣ್ಣ ಒತ್ತುಗಳ ಹೊಟ್ಟೆ ತುಂಬಿಹೋಗಿ ಓದಲಾಗುವುದಿಲ್ಲ. ಇಂಥ ಕೃತಕ ದಪ್ಪ, ಕೃತಕ ಓರೆಗಳನ್ನು ತಡೆಯಲು ಸಿಎಸ್ಎಸ್‌ನಲ್ಲಿ ಫಾಂಟ್ ಸಿಂಥೆಸಿಸ್ ಎಂಬ ಗುಣವಿದೆ.

ಮುಕ್ತ ಪರವಾನಗಿಯ ಒಳ್ಳೆಯ ಫಾಂಟ್‌ಗಳಿಗೆ ಈಗ ಕೊರತೆಯಿಲ್ಲ, ಇದು ನನಗೆ ನಿಜಕ್ಕೂ ಸಂತೋಷದ ಸಂಗತಿ. ನೋಟೊ ಸ್ಯಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ ಎಲ್ಲ ತೂಕಗಳಲ್ಲೂ ಸಿಗುತ್ತವೆ. ಏಕ್ ಟೈಪ್ ತಂಡದ ಅನೇಕ್ ಕನ್ನಡ ಒಂದೇ ಕಡತದಲ್ಲಿ ತೂಕವನ್ನೂ ಅಗಲವನ್ನೂ ಹಿಗ್ಗಿಸಿ ಕುಗ್ಗಿಸಬಲ್ಲ ವೇರಿಯೇಬಲ್ ಫಾಂಟ್, ಕಿರಿದಾದ ಫೋನ್ ಪರದೆಯ ತಲೆಬರಹಗಳಿಗೆ ಬಹಳ ಉಪಯುಕ್ತ. ಅದೇ ತಂಡದ ಬಲೂ ತಮ್ಮ ಜಾಹೀರಾತು, ಮಕ್ಕಳ ಪುಟಗಳಿಗೆ ಹೊಂದುತ್ತದೆ. ದೀರ್ಘ ಓದಿಗೆ ನಾನು ಟಿರೊ ಕನ್ನಡವನ್ನು ಇಷ್ಟಪಡುತ್ತೇನೆ, ಅದರಲ್ಲಿ ಅಚ್ಚಿನ ಪುಸ್ತಕದ ಗಾಂಭೀರ್ಯ ಇದೆ. ಫಾಂಟ್ ಕಡತ ಚಿಕ್ಕದಾಗಲಿ ಎಂದು ಕತ್ತರಿಸುವಾಗ ಒತ್ತುಗಳನ್ನು ಹೆಣೆಯುವ ಕೋಷ್ಟಕಗಳು ಉಳಿದಿವೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಅವು ಹೋದರೆ ಅಕ್ಷರಗಳಿರುತ್ತವೆ, ಒತ್ತಕ್ಷರಗಳಿರುವುದಿಲ್ಲ. ಕಡತವನ್ನು ವೋಫ್2 ರೂಪದಲ್ಲಿ ಕೊಡಿ. ಯೂನಿಕೋಡ್ ವ್ಯಾಪ್ತಿಯನ್ನು ನಮೂದಿಸಿದರೆ ಕನ್ನಡ ಇಲ್ಲದ ಪುಟಕ್ಕೆ ಅದು ಇಳಿಯುವುದೇ ಇಲ್ಲ. ಹಳ್ಳಿಯ ನೆಟ್‌ವರ್ಕ್‌ನಲ್ಲಿ ಪುಟ ತೆರೆಯುವವರ ದೃಷ್ಟಿಯಿಂದ ಫೋನಿನಲ್ಲೇ ಇರುವ ಫಾಂಟ್ ಬಳಸಿದರೂ ತಪ್ಪಿಲ್ಲ. ಆಂಡ್ರಾಯ್ಡ್‌ನಲ್ಲಿ ನೋಟೊ, ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಹೇಗೂ ಇವೆ.

ಓದಲು ಕಣ್ಣಿನ ನೆರವಿಲ್ಲದವರ ಮಾತು ಇನ್ನೂ ಮುಖ್ಯ. ಪುಟದ ಮೊದಲ ಟ್ಯಾಗ್‌ನಲ್ಲಿ ಲ್ಯಾಂಗ್ ಎಂಬ ಗುಣಕ್ಕೆ ‘ಕೆಎನ್’ ಎಂದು ಬರೆಯುವುದು ಅತಿ ಚಿಕ್ಕ ಕೆಲಸ, ಅತಿ ಹೆಚ್ಚು ಮರೆಯುವ ಕೆಲಸವೂ ಹೌದು. ಟೆಂಪ್ಲೇಟ್‌ನಲ್ಲಿ ಬಂದ ‘ಇಎನ್’ ಹಾಗೇ ಉಳಿದುಬಿಡುತ್ತದೆ. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್‌ನ ಜೊತೆಗೇ ಬರುವ ಇ-ಸ್ಪೀಕ್ ಎನ್‌ಜಿ ಕನ್ನಡ ಓದಬಲ್ಲದು, ಆದರೆ ಯಾವ ಭಾಷೆ ಎಂದು ಪುಟ ಹೇಳಬೇಕು. ತಪ್ಪು ಭಾಷೆ ಹೇಳಿದ ಪುಟದಲ್ಲಿ ಇಂಗ್ಲಿಷ್ ಧ್ವನಿ ಕನ್ನಡ ಓದಲು ಹೊರಟು ತಡವರಿಸುತ್ತದೆ. ಪುಟದ ಭಾಷೆ ನಮೂದಿಸುವುದು ಡಬ್ಲ್ಯುಸಿಎಜಿಯ ತೀರ ಕೆಳಗಿನ ‘ಎ’ ಹಂತದ ನಿಯಮ. ಭಾರತ ಸರ್ಕಾರದ ಜಾಲತಾಣಗಳಿಗಾಗಿ ಇರುವ ಜಿಐಜಿಡಬ್ಲ್ಯು ಮಾರ್ಗಸೂಚಿಯೂ ಡಬ್ಲ್ಯುಸಿಎಜಿಯನ್ನೇ ಆಧರಿಸಿದೆ. ಇವತ್ತು ಇದು ಬರೀ ಸಲಹೆಯಾಗಿ ಉಳಿದಿಲ್ಲ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಆ್ಯಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿಹೀನರ ಅರ್ಜಿಗಳ ಮೇಲೆ ತೀರ್ಪು ಕೊಡುತ್ತಾ, ಡಿಜಿಟಲ್ ಸೇವೆಗಳನ್ನು ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿತು. ಕೆವೈಸಿಗಾಗಿ ಕಣ್ಣು ಮಿಟುಕಿಸಿ ಎಂದು ಕೇಳುವ ಪುಟವನ್ನು ಕಣ್ಣಿಲ್ಲದವರು ದಾಟುವುದು ಹೇಗೆ ಎಂಬ ಪ್ರಶ್ನೆ ಅಲ್ಲಿತ್ತು. ಕನ್ನಡದ ಸುತ್ತೋಲೆಯನ್ನು ಚಿತ್ರವಾಗಿ, ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ ಏರಿಸುವ ನಮ್ಮ ಪದ್ಧತಿಗೂ ಅದೇ ಪ್ರಶ್ನೆ ಕೇಳಬೇಕು. ಅದನ್ನು ಕಿವಿಯಿಂದ ಓದುವವರು ದಾಟುವುದು ಹೇಗೆ? ಬೇರೆ ದಾರಿಯೇ ಇಲ್ಲದೆ ಸ್ಕ್ಯಾನ್ ಮಾತ್ರ ಉಳಿದಿದ್ದರೆ, ಟೆಸರಾಕ್ಟ್ ಎಂಬ ಮುಕ್ತ ಓಸಿಆರ್ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಅದರಿಂದ ಪಠ್ಯ ತೆಗೆದು, ತಿದ್ದಿ, ಚಿತ್ರದ ಜೊತೆ ಹಾಕಿ.

ಎಐ ಸಹಾಯಕರ ಬಗ್ಗೆ ಒಂದು ಮಾತು. ‘ಹೆಸರು ಪರೀಕ್ಷಿಸುವ ಕೋಡ್ ಕೊಡು’ ಎಂದಷ್ಟೇ ಕೇಳಿದರೆ ಅವು ಜಗತ್ತಿನಲ್ಲಿ ಹೆಚ್ಚಾಗಿ ಬರೆದಿರುವುದನ್ನೇ ಕೊಡುತ್ತವೆ. ಹೆಚ್ಚಾಗಿ ಬರೆದಿರುವುದು ಇಂಗ್ಲಿಷ್ ಹೆಸರುಗಳಿಗಾಗಿ. ಕನ್ನಡದ ಹೆಸರುಗಳನ್ನು ಉದಾಹರಣೆಯಾಗಿ ಕೊಟ್ಟು ಕೇಳಿ, ಬಂದ ಕೋಡ್‌ಗೆ ಕನ್ನಡದ ಟೆಸ್ಟ್ ಬರೆಯಿರಿ. ಶ್ರೀದೇವಿ, ರಾಜ್‌ಕುಮಾರ್, ಎಚ್. ಶ್ರೀನಿವಾಸಮೂರ್ತಿ, ರ‍್ಯಾಂಕ್, ಸ್ತ್ರೀ, ಎರಡೂ ರೂಪದ ಧೋರಣೆ: ಇಷ್ಟನ್ನು ನಿಮ್ಮ ಟೆಸ್ಟ್ ಕಡತದಲ್ಲಿ ಇಟ್ಟುಕೊಂಡರೆ ನಾನು ಮೇಲೆ ಹೇಳಿದ ತಪ್ಪುಗಳಲ್ಲಿ ಬಹಳಷ್ಟು ಬಿಡುಗಡೆಗೆ ಮೊದಲೇ ಸಿಕ್ಕಿಬೀಳುತ್ತವೆ. ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಮೇಷ್ಟ್ರುಗಳಿಗೂ ನನ್ನ ವಿನಂತಿ ಇದೇ. ಪದ ತಿರುಗಿಸಿ ಬರೆಯುವ ಲೆಕ್ಕವನ್ನು ಒಮ್ಮೆ ‘ಕನ್ನಡ’ ಎಂಬ ಪದದ ಮೇಲೆ ಮಾಡಿಸಿ. ಮೊದಲ ವರ್ಷದ ಹುಡುಗ ಹುಡುಗಿಯರು ಯೂನಿಕೋಡ್ ಅಂದರೇನು ಎಂಬುದನ್ನು ಅಂದೇ ಕಲಿಯುತ್ತಾರೆ.

ಕೊನೆಯದಾಗಿ, ನಮ್ಮ ಕೋಡ್‌ನಲ್ಲಿ ಮುಗಿಯದ, ಹೊರಗೆ ಹೋಗಿ ಮಾಡಬೇಕಾದ ಕೆಲಸ. ಒತ್ತಕ್ಷರದ ನಿಯಮದ ಪಟ್ಟಿಯಲ್ಲಿ ಕನ್ನಡ ಸೇರಬೇಕೇ ಎಂಬುದು ಕನ್ನಡ ಬಳಸುವವರು ಹೇಳಬೇಕಾದ ಮಾತು. ಸೇರಬೇಕು ಎಂಬುದು ನನ್ನ ಅಭಿಪ್ರಾಯ, ಆದರೆ ಅದನ್ನು ಘೋಷಣೆಯಾಗಿ ಕೂಗಿದರೆ ಪ್ರಯೋಜನವಿಲ್ಲ. ಕರ್ಸರ್ ಒತ್ತಕ್ಷರದ ನಡುವೆ ನಿಲ್ಲಬೇಕೇ, ಒಂದು ಬ್ಯಾಕ್‌ಸ್ಪೇಸ್ ಇಡೀ ‘ಸ್ತ್ರೀ’ಯನ್ನು ಅಳಿಸಬೇಕೇ ಅಥವಾ ಗುಡಿಸಿನ ದೀರ್ಘವನ್ನು ಮಾತ್ರವೇ, ಉದ್ದ ಪದವನ್ನು ಸಾಲಿನ ಕೊನೆಯಲ್ಲಿ ಒಡೆಯಲೇಬೇಕಾದಾಗ ಎಲ್ಲಿ ಒಡೆಯಬೇಕು, ಪ್ಯಾರಾದ ಮೊದಲ ಅಕ್ಷರವನ್ನು ದೊಡ್ಡದಾಗಿಸಿದಾಗ ಎಷ್ಟು ದೊಡ್ಡದಾಗಬೇಕು: ಇವಕ್ಕೆಲ್ಲ ಟೈಪಿಸುವವರ ಅಭ್ಯಾಸವನ್ನೂ ಅಚ್ಚಿನ ಮನೆಗಳ ರೂಢಿಯನ್ನೂ ನೋಡಿ ಉತ್ತರ ಹೇಳಬೇಕು. ಯೂನಿಕೋಡ್ ಒಕ್ಕೂಟ ಯಾರಿಂದಲಾದರೂ ಪ್ರತಿಕ್ರಿಯೆಯನ್ನೂ ಪ್ರಸ್ತಾವವನ್ನೂ ಸ್ವೀಕರಿಸುತ್ತದೆ. ಸಿಎಲ್‌ಡಿಆರ್‌ನ ಕನ್ನಡ ದತ್ತಾಂಶವನ್ನು ಸ್ವಯಂಸೇವಕರು ತಿದ್ದಬಹುದು. ಡಬ್ಲ್ಯು3ಸಿಯಲ್ಲಿ ಭಾರತೀಯ ಲಿಪಿಗಳ ವಿನ್ಯಾಸದ ಅಗತ್ಯಗಳನ್ನು ದಾಖಲಿಸುವ ಕಡತ ಇದೆ. ಬ್ರೌಸರ್‌ಗಳ ದೋಷ ಪಟ್ಟಿಗಳು ಎಲ್ಲರಿಗೂ ತೆರೆದಿವೆ.

ಹಾಗಾಗಿ ಕೇಳುತ್ತಿದ್ದೇನೆ: ನಿಮ್ಮ ಪುಟದಲ್ಲಿ ಕನ್ನಡದ ಒತ್ತಕ್ಷರ ಒಡೆದದ್ದು ಕಂಡಾಗ ಅದರ ಚಿತ್ರ ತೆಗೆದಿಡಿ. ಯಾವ ಬ್ರೌಸರ್, ಯಾವ ಆವೃತ್ತಿ, ಯಾವ ಪದ, ಏನು ಕಾಣಬೇಕಿತ್ತು, ಏನು ಕಂಡಿತು ಎಂದು ಪಕ್ಕದಲ್ಲಿ ಬರೆಯಿರಿ. ಅಚ್ಚಾದ ಪುಸ್ತಕ, ಪತ್ರಿಕೆಗಳಲ್ಲಿ ಅದೇ ಪದ ಸಾಲಿನ ಕೊನೆಯಲ್ಲಿ ಹೇಗೆ ಒಡೆದಿದೆ ಎಂಬುದರ ಚಿತ್ರವನ್ನೂ ಸೇರಿಸಿ. ತೆಲುಗಿನ ಪುಟದ ಜೊತೆ ಹೋಲಿಸಿದ ಚಿತ್ರ ಇದ್ದರೆ ಇನ್ನೂ ಒಳ್ಳೆಯದು. ಇಂಥ ನೂರು ಉದಾಹರಣೆಗಳು ಒಂದೆಡೆ ಸೇರಿದರೆ ಪ್ರಸ್ತಾವವನ್ನು ಬರೆಯಲು ನಾನು ಕೂರುತ್ತೇನೆ. ಕನ್ನಡದ ವ್ಯಾಕರಣ ಬಲ್ಲವರು, ಫಾಂಟ್ ಮಾಡುವವರು, ಸ್ಕ್ರೀನ್ ರೀಡರ್ ದಿನಾ ಬಳಸುವವರು ಜೊತೆಗೂಡಬೇಕು. ಇಂಗ್ಲಿಷಿನಲ್ಲಿ ಪ್ರಸ್ತಾವ ಬರೆಯುವ ಅಭ್ಯಾಸ ಇರುವವರು ಇಬ್ಬರಾದರೂ ಬೇಕು.

ನಿಮ್ಮ ಜೊತೆ ಕೆಲಸ ಮಾಡುವ,
ಒಬ್ಬ ಕನ್ನಡ ವೆಬ್ ಡೆವಲಪರ್